ಸೆಂಟ್ ಲೆಕ್ಕ

ಬಿಲ್ಡರ್ ಕಳಿಸಿದ ಕ್ರಯಪತ್ರದ ಕರಡನ್ನು ಅಪ್ಪ ಎರಡು ಸಂಜೆ ಕೂತು ಓದಿದರು. ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಕಾಗದ ಓದುವಾಗ ಈಗಲೂ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ಒಂದೊಂದೇ ಸಾಲು ಇಳಿಯುತ್ತಾರೆ. ಹದಿನಾಲ್ಕನೇ ಪುಟದಲ್ಲಿ ಅಡಿಪಟ್ಟಿ ನಿಂತಿತು.

"ಅವಿಭಜಿತ ಪಾಲು 382 ಚದರಡಿ ಅಂತ ಹಾಕಿದ್ದಾರೆ. ಇದೇನು?"

"ಅಪಾರ್ಟ್‌ಮೆಂಟ್ ನಿಂತಿರೋ ನೆಲದಲ್ಲಿ ನಮ್ಮ ಪಾಲು ಅಪ್ಪ."

ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಭಾಗಾಕಾರ ಮಾಡಿದರು. ಒಂದು ಸೆಂಟಿಗೆ 435.6 ಚದರಡಿ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "70 ಲಕ್ಷ ಕೊಟ್ಟು ಒಂದು ಸೆಂಟೂ ಇಲ್ವಲ್ಲ ಮಗಾ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಫ್ಲ್ಯಾಟ್ ಅಂದರೆ ಹಾಗೇ ಅಲ್ಲವೇ. ಆದರೆ ಕೊಡಗಿನಲ್ಲೇ ಹುಟ್ಟಿ, ಅಲ್ಲೇ ತಲೆ ನರೆತ ಈ ಮನುಷ್ಯನಿಗೆ ಅಲ್ಲಿ ಒಂದು ಸೆಂಟ್ ಜಾಗವಿಲ್ಲ. ಯಾವ ಬ್ಲಾಕಿನಲ್ಲಿ ಎಷ್ಟು ಏಕರೆ ರೋಬಸ್ಟಾ, ಯಾವ ತೊರೆಯ ಪಕ್ಕದ ಅರೇಬಿಕಾಕ್ಕೆ ಕಾಂಡ ಕೊರೆಯುವ ಬೋರರ್ ಹುಳ ಬಿದ್ದಿದೆ, ಎಷ್ಟು ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದೆ, ಎಲ್ಲ ಅಪ್ಪನ ನಾಲಿಗೆಯ ತುದಿಯಲ್ಲಿತ್ತು. ನಾವಿದ್ದದ್ದು ಮಾತ್ರ ಕ್ವಾರ್ಟ್ರಸ್ಸಿನಲ್ಲಿ. ನಿವೃತ್ತಿಯ ದಿನ ಸಾಹುಕಾರ್ರು ಶಾಲು ಹೊದಿಸಿದರು, ಒಳ್ಳೆಯ ಮಾತಾಡಿದರು. ಮುಂದಿನ ವಾರ ಬೀಗದ ಕೈ ಕೊಟ್ಟು ಬಂದೆವು. ಅಮ್ಮ ಅಂಗಳದ ಡೇರೆ ಹೂವಿನ ಗೆಡ್ಡೆಗಳನ್ನು ಅಗೆದು ಖಾಲಿ ಗೊಬ್ಬರದ ಚೀಲಕ್ಕೆ ತುಂಬಿಕೊಂಡಳು. ಸುಂಟಿಕೊಪ್ಪದಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಮಾಲೀಕರ ಮಗನಿಗೆ ಮದುವೆ ಗೊತ್ತಾಯಿತೆಂದು ಅದನ್ನೂ ಬಿಟ್ಟು ಇನ್ನೊಂದಕ್ಕೆ ಹೋದರು. ಗೆಡ್ಡೆಯ ಚೀಲ ಎರಡೂ ಸಲ ಲಾರಿಯ ಮುಂದಿನ ಸೀಟಿನಲ್ಲಿ ಅಮ್ಮನ ಕಾಲ ಹತ್ತಿರ ಕೂತು ಹೋಯಿತು.

ನಾನು ಬೆಂಗಳೂರಿಗೆ ಬಂದು ಹದಿನೆಂಟು ವರ್ಷ. ಗಂಡ ಅರಕಲಗೂಡಿನವರು, ಇಬ್ಬರಿಗೂ ಇಲ್ಲೇ ಕೆಲಸ, ಮಗಳು ಆರನೇ ಕ್ಲಾಸು. ನಾಯಂಡಹಳ್ಳಿಯ ಹತ್ತಿರ 23 ಸಾವಿರ ಬಾಡಿಗೆಯ ಮನೆ. ನನಗೀಗ ವಾರಕ್ಕೆರಡು ದಿನ ಆಫೀಸಿಗೆ ಮುಖ ತೋರಿಸಿದರೆ ಸಾಕು. ಅದರಿಂದಲೇ ತಲೆಯೊಳಗೆ ಈ ಹುಳ ಹೊಕ್ಕದ್ದು: ಮನೆ ಇಲ್ಲೇ ಯಾಕೆ ತಗೊಳ್ಳಬೇಕು? ಇದೇ ದುಡ್ಡಿಗೆ ಊರಲ್ಲಿ ಅಂಗಳ, ಬಾವಿ, ಒಂದು ಹಲಸಿನ ಮರ ಎಲ್ಲ ಬರುವುದಿಲ್ಲವೇ?

ಬರುತ್ತದೆ ಎಂದು ಎಲ್ಲರೂ ಹೇಳಿದರು. ಅದನ್ನು ನಂಬಿ ಒಂದು ವರ್ಷ ಓಡಾಡಿದೆವು.

ಮೊದಲು ನೋಡಿದ್ದು ಮಡಿಕೇರಿಯಿಂದ ಐದಾರು ಕಿಲೋಮೀಟರ್ ಆಚೆಯ ಎಂಟು ಸೆಂಟ್ ಜಾಗ. ಸೆಂಟಿಗೆ ಎರಡೂವರೆ ಲಕ್ಷ. ಫೆಬ್ರವರಿ ತಿಂಗಳು, ಬಿಸಿಲು ಹದವಾಗಿತ್ತು, ಎದುರಿಗೆ ಒಂದರ ಹಿಂದೊಂದು ಬೆಟ್ಟದ ಸಾಲು. ಬ್ರೋಕರ್ ಕಾರಿನಿಂದ ಇಳಿದವನೇ "ವ್ಯೂ ನೋಡಿ ಮೇಡಂ" ಅಂದ. ಮಗಳು ಫೋಟೊ ತೆಗೆದಳು. ನಾನೂ ಮನಸ್ಸಿನಲ್ಲೇ ಅಡುಗೆಮನೆಯ ಕಿಟಕಿಯನ್ನು ಆ ಬೆಟ್ಟದ ಕಡೆಗೆ ಇಟ್ಟಾಗಿತ್ತು. ಅಪ್ಪ ಬೆಟ್ಟಕ್ಕೆ ಬೆನ್ನು ಹಾಕಿ ಹಿಂದಿನ ಬರೆ ನೋಡುತ್ತಾ ನಿಂತಿದ್ದರು. ಬರೆಯೆಂದರೆ ಜೆಸಿಬಿಯಲ್ಲಿ ಗುಡ್ಡವನ್ನು ನೇರಕ್ಕೆ ಕಡಿದಾಗ ಉಳಿದ ಮಣ್ಣಿನ ಗೋಡೆ, ಎರಡಾಳೆತ್ತರ. ಮೇಲಿದ್ದ ಸಿಲ್ವರ್ ಮರಗಳಲ್ಲಿ ಮೂರು ನಮ್ಮ ಕಡೆಗೆ ವಾಲಿದ್ದವು. ಬುಡದಲ್ಲಿ ಒಂದು ಕಡೆ, ಆ ಬಿಸಿಲಿನಲ್ಲೂ, ಅಂಗೈಯಗಲ ಮಣ್ಣು ಒದ್ದೆಯಾಗಿತ್ತು. ಅಪ್ಪ ಅದನ್ನು ಬೆರಳಿನಿಂದ ಒತ್ತಿ ನೋಡಿದರು, ಏನೂ ಹೇಳಲಿಲ್ಲ. ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ಬಂದು "ಜಾಗ ನೋಡಕ್ಕೆ ಬಂದದ್ದಾ?" ಎಂದು ಕೇಳಿದರು. ಹೌದೆಂದೆವು. "ಹಾಂಗಾದ್ರೆ ಜುಲೈಲಿ ಒಂದ್ಸಲ ಬಂದು ನೋಡಿ." ಅಷ್ಟೇ ಹೇಳಿ ಒಳಗೆ ಹೋದರು.

ಹೋದೆವು. ಬರೆಗೆ ನೀಲಿ ಟಾರ್ಪಾಲು ಹೊದಿಸಿದ್ದರು. ಅದರ ಅಂಚಿನಿಂದ ಕೆಂಪು ನೀರು ನಮ್ಮ ಅಡುಗೆಮನೆ ಬರಬೇಕಿದ್ದ ಜಾಗಕ್ಕೇ ಇಳಿಯುತ್ತಿತ್ತು. ಎದುರಿನ ಬೆಟ್ಟ ಮಂಜಿನಲ್ಲಿ ಕಾಣಲೇ ಇಲ್ಲ.

2018ರ ಆಗಸ್ಟನ್ನು ಕೊಡಗಿನವರು ಯಾರೂ ಮರೆತಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಂಬ ಹೆಸರುಗಳು ಟೀವಿಯಲ್ಲಿ ಬರುತ್ತಿದ್ದಾಗ ಅಪ್ಪ ಒಂದೊಂದು ಊರಿಗೂ ತಾವು ಯಾವ ಕೆಲಸಕ್ಕೆ ಹೋಗಿದ್ದೆ ಎಂದು ಹೇಳುತ್ತಾ ಕೂತಿದ್ದರು. ಎರಡಂತಸ್ತಿನ ಮನೆಯೊಂದು ನಿಂತ ಹಾಗೇ ಜಾರಿ ಮಗುಚುವ ವಿಡಿಯೊ ಎಲ್ಲರ ಫೋನಿಗೂ ಬಂತು. ಬೆಟ್ಟ ಜಾರಿದ್ದಕ್ಕೆ ಅತಿ ಮಳೆ ಕಾರಣವೆಂಬುದು ಎದ್ದು ಕಾಣುವ ಮಾತು. ಆದರೆ ರಸ್ತೆಗೂ ಮನೆಗೂ ಇಳಿಜಾರಿನ ಕಾಲು ಕಡಿದದ್ದು, ನೀರು ಹರಿಯುವ ದಾರಿ ಮುಚ್ಚಿದ್ದು ಕೂಡ ಕಾರಣವೇ. ಬೆಟ್ಟದ ಬುಡ ಕಡಿದರೆ ಮೇಲಿನ ಭಾರಕ್ಕೆ ಒರಗುವ ಗೋಡೆಯೇ ಹೋದಂತೆ. ಮಳೆನೀರು ಇಂಗಿ ಆ ಮಣ್ಣು ಇನ್ನಷ್ಟು ಭಾರವಾಗುತ್ತದೆ. ಆ ಎಂಟು ಸೆಂಟಿಗೆ ತಡೆಗೋಡೆ ಕಟ್ಟಲು ಎಷ್ಟಾಗಬಹುದು ಎಂದು ಪರಿಚಯದ ಮೇಸ್ತ್ರಿಯನ್ನು ಕೇಳಿದೆವು. "ಆರು ಲಕ್ಷ ಇಡಿ" ಅಂದರು. ಒಂದು ಕ್ಷಣ ಬಿಟ್ಟು, "ನಾನು ಕಟ್ಟಿದ್ದು ನಿಲ್ಲುತ್ತೆ. ಅದರ ಮೇಲಿನ ಬೆಟ್ಟಕ್ಕೆ ನಾನು ಗ್ಯಾರಂಟಿ ಅಲ್ಲ" ಎಂದೂ ಸೇರಿಸಿದರು. ಇಷ್ಟು ಪ್ರಾಮಾಣಿಕವಾದ ಕೊಟೇಶನ್ ನನಗೆ ಬೆಂಗಳೂರಿನಲ್ಲಿ ಸಿಕ್ಕಿಲ್ಲ.

ಆಮೇಲೆ ನೋಡಿದ ಜಾಗದಲ್ಲಿ ಬರೆಯ ತೊಂದರೆ ಇರಲಿಲ್ಲ. ಮಟ್ಟಸವಾದ ಬಾಣೆ, ರಸ್ತೆ ಪಕ್ಕ, ಬೆಲೆಯೂ ಕೈಗೆಟಕುವಂತಿತ್ತು. ಪಹಣಿ ತರಿಸಿದೆವು. ಹನ್ನೊಂದನೇ ಕಾಲಂ ತುಂಬ ಹಕ್ಕುದಾರರ ಹೆಸರು. ಅಪ್ಪ ಅಡಿಪಟ್ಟಿ ಇಟ್ಟು ಎಣಿಸಿದರು, ಹದಿನೇಳು.

ಕೊಡಗಿನ ಹೊರಗಿನವರಿಗೆ ಇದನ್ನು ಹೇಳಿ ಅರ್ಥ ಮಾಡಿಸುವುದು ಕಷ್ಟ. ಜಮ್ಮಾ ಭೂಮಿ ರಾಜರ ಕಾಲದಿಂದ ಕುಟುಂಬಕ್ಕೆ ಬಂದದ್ದು. ಒಬ್ಬರ ಸ್ವತ್ತಲ್ಲ, ಮನೆತನದ್ದು. ಗದ್ದೆಗೆ ಸೊಪ್ಪು, ಸೌದೆ, ಹುಲ್ಲಿಗೆಂದು ಅದರ ಜೊತೆಗೇ ಬಿಟ್ಟ ಜಾಗ ಬಾಣೆ. ಅದರಲ್ಲೂ ರಿಡೀಮ್ ಆದದ್ದು, ಅಂದರೆ ಮರದ ಹಕ್ಕು ಬಿಡಿಸಿಕೊಂಡದ್ದು, ಆಗದ್ದು ಎಂಬ ಭೇದವಿದೆ. ಆಗದ ಬಾಣೆಯಲ್ಲಿ ಮರದ ಮೇಲಿನ ಹಕ್ಕು ಸರ್ಕಾರದ್ದು. ನೆಲದ ಮೇಲೆ ನಿಂತು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. "ಎಲ್ಲರೂ ಸೈನ್ ಹಾಕ್ತಾರೆ ಮೇಡಂ, ಒಂದೇ ಮನೆಯವರಲ್ವಾ" ಎಂದ ಬ್ರೋಕರ್. ಹದಿನೇಳರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರು ದುಬೈಯಲ್ಲಿದ್ದರು, ಇಬ್ಬರು ಅಣ್ಣತಮ್ಮಂದಿರಿಗೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು.

ಮಾರುವವರ ಮೇಲೆ ನನಗೇನೂ ಕೋಪವಿಲ್ಲ. ಅಜ್ಜನ ಕಾಲದ ನೆಲದಲ್ಲಿ ಹದಿನೇಳು ಜನರ ಹಕ್ಕು ಉಳಿದಿದೆಯೆಂದರೆ ಆ ವ್ಯವಸ್ಥೆ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ನೆಲ ಸುಲಭವಾಗಿ ಕೈ ಬಿಟ್ಟು ಹೋಗಬಾರದೆಂದೇ ಅಲ್ಲವೇ ಅದನ್ನು ಹಾಗೆ ಕಟ್ಟಿದ್ದು. ನಮ್ಮಂಥವರಿಗೆ ಮಾತ್ರ ಅಲ್ಲಿ ಬಾಗಿಲಿಲ್ಲ.

"2020ರಲ್ಲಿ ಕಾನೂನು ಬದಲಾಯ್ತಲ್ಲ, ಈಗ ಯಾರು ಬೇಕಾದ್ರೂ ಕೃಷಿ ಜಮೀನು ತಗೋಬಹುದು" ಎಂದು ಇನ್ನೊಬ್ಬ ಬ್ರೋಕರ್ ತೋಟದ ಒಂದು ಮೂಲೆ ತೋರಿಸಿದ. ನಿಜ, ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಆ ವರ್ಷ ಹೋದವು. ತಗೊಳ್ಳಬಹುದು. ಆದರೆ ಮನೆ ಕಟ್ಟಬೇಕಾದರೆ ಭೂಪರಿವರ್ತನೆ (ಕನ್ವರ್ಷನ್) ಬೇಕು, ಸರ್ವೆ ನಂಬರಿನ ಒಂದು ತುಂಡನ್ನು ಕೊಳ್ಳಲು ಆ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಪಂಚಾಯಿತಿಯಲ್ಲಿ ಆಸ್ತಿ ದಾಖಲೆಯ ನಮೂನೆ 9 ಮತ್ತು 11ಎ ಆಗಬೇಕು. "ಅದೆಲ್ಲ ಆಮೇಲೆ ಮಾಡಿಸೋಣ" ಎಂಬ ಮಾತನ್ನು ಆ ವರ್ಷ ನಾನು ಕಡಿಮೆಯೆಂದರೂ ಹತ್ತು ಸಲ ಕೇಳಿದೆ.

ಆ "ಆಮೇಲೆ"ಯ ಬೆಲೆ ಗೊತ್ತಾದದ್ದು ಬ್ಯಾಂಕಿನಲ್ಲಿ. ಸಾಲದ ಮೇಜಿನ ಹಿಂದೆ ಕೂತಿದ್ದ ಹುಡುಗಿ ನನ್ನ ಕಾಗದಗಳನ್ನು ಎರಡೇ ನಿಮಿಷದಲ್ಲಿ ತಿರುವಿ ಹಾಕಿ ಹೇಳಿದಳು: "ಕನ್ವರ್ಷನ್ ಆಗದ ಜಾಗಕ್ಕೆ ಹೋಮ್ ಲೋನ್ ಬರಲ್ಲ ಮೇಡಂ. ಪೂರ್ತಿ ಕ್ಯಾಶ್ ಕೊಡೋದಾದ್ರೆ ನಿಮ್ಮಿಷ್ಟ."

ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಹುಣಸೂರಿನವರೆಗೂ ಅದನ್ನೇ ಲೆಕ್ಕ ಹಾಕುತ್ತಿದ್ದೆ. ಬೆಂಗಳೂರಿನ ಕುಂಬಳಗೋಡಿನಲ್ಲಿದ್ದ ಆ 70 ಲಕ್ಷದ ಫ್ಲ್ಯಾಟಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಶೇ 80ರವರೆಗೆ ಸಾಲ ಸಿಗುತ್ತದೆ, ಅಂದರೆ 56 ಲಕ್ಷ. ಕೈಯಿಂದ 14 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ ಇನ್ನೊಂದು ಐದು ಲಕ್ಷದ ಮೇಲೆ. ಒಟ್ಟು 19 ಲಕ್ಷ ಚಿಲ್ಲರೆ ಇದ್ದರೆ 70 ಲಕ್ಷದ ಮನೆಯ ಬೀಗ ತೆಗೆಯಬಹುದು. ಊರಿನ 20 ಲಕ್ಷದ ಜಾಗಕ್ಕೆ? 20 ಲಕ್ಷವೂ ಕೈಯಿಂದಲೇ. ಆಮೇಲೆ ಮನೆ ಕಟ್ಟುವ ದುಡ್ಡೂ ಕೈಯಿಂದಲೇ, ಯಾಕೆಂದರೆ ಜಾಗಕ್ಕೆ ಸಾಲ ಇಲ್ಲದಿದ್ದರೆ ಅದರ ಮೇಲಿನ ಗೋಡೆಗೂ ಇಲ್ಲ. ಬೆಲೆ ಫ್ಲ್ಯಾಟಿನ ಮೂರನೇ ಒಂದಕ್ಕಿಂತ ಕಡಿಮೆ, ಕೈಗೆ ಬೇಕಾದ ದುಡ್ಡು ಫ್ಲ್ಯಾಟಿಗೆ ಬೇಕಾದದ್ದಕ್ಕಿಂತ ಜಾಸ್ತಿ. ತಿಂಗಳ ಸಂಬಳದ ಮೇಲೆ ಬದುಕುವವರಿಗೆ ಅಗ್ಗದ ಜಾಗವೇ ದುಬಾರಿ. ಅದು ಅಗ್ಗವಾಗುವುದು ಗಂಟು ಹಿಡಿದುಕೊಂಡು ಬರುವವರಿಗೆ ಮಾತ್ರ.

ಅಂಥವರು ಬರುತ್ತಲೇ ಇದ್ದಾರೆ. ಕೊಡಗಿನ ಜನಸಂಖ್ಯೆ 2001ರಲ್ಲಿ 5.48 ಲಕ್ಷ, 2011ರಲ್ಲಿ 5.54 ಲಕ್ಷ. ಹತ್ತು ವರ್ಷದಲ್ಲಿ ಆರು ಸಾವಿರದಷ್ಟು ಜಾಸ್ತಿಯಾದ ಜಿಲ್ಲೆ. ಆದರೂ ಸೈಟಿನ ಬೆಲೆ ನೋಡಿದರೆ ಊರೆಲ್ಲ ತುಂಬಿ ತುಳುಕುತ್ತಿದೆ ಅನ್ನಬೇಕು. ಹಾಗೇನಿಲ್ಲ. ನಾವು ಸುತ್ತಾಡಿದ ಕಡೆಯೆಲ್ಲ ಹತ್ತು ತಿಂಗಳು ಬೀಗ ಹಾಕಿದ ಚಂದದ ಮನೆಗಳು, ಗೇಟಿಗೆ ಒಬ್ಬ ಕಾವಲಿನವನು. ನಮಗೂ ಸಲಹೆ ಕೊಡದವರಿಲ್ಲ: "ಮೇಲೆ ಎರಡು ರೂಮ್ ಹಾಕಿ ಹೋಮ್‌ಸ್ಟೇ ಮಾಡಿ, ಇಎಂಐ ತಾನಾಗೇ ಹೋಗುತ್ತೆ." ಶನಿವಾರ ರಾತ್ರಿ ಕ್ಯಾಂಪ್‌ಫೈರ್ ಕೇಳುವವರ ಗಲಾಟೆಯ ಮಧ್ಯೆ ನನ್ನ ಅಪ್ಪ ಅಮ್ಮ ಮಲಗಬೇಕೇ? ಅದು ಬೇಡವೆಂದು ಅಲ್ಲಿಗೇ ಬಿಟ್ಟೆವು. ಸಿದ್ದಾಪುರದ ಕಡೆ ಇನ್ನೂ ಕಡಿಮೆಗೆ ಒಂದು ಮನೆ ಇತ್ತು. ಹಿತ್ತಿಲ ಬಾಳೆಯನ್ನು ಆನೆ ಮುರಿದು ಹಾಕಿದ್ದನ್ನು ಮನೆಯವರೇ ತೋರಿಸಿದರು. ಅದನ್ನೂ ಬಿಟ್ಟೆವು.

ಕುಶಾಲನಗರ ಸಪಾಟು ಊರು. ಮಡಿಕೇರಿಯ ಮಳೆಯಲ್ಲಿ ಅಲ್ಲಿಗೆ ಬರುವುದು ಸ್ವಲ್ಪವೇ. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್, ಅಂಗಡಿ, ಆಸ್ಪತ್ರೆ, ಬಸ್ಸು ಎಲ್ಲ ಕಾಲಬುಡದಲ್ಲಿ. ಅಲ್ಲೊಂದು ಕಟ್ಟಿದ ಮನೆ, 48 ಲಕ್ಷ, ಕಾಗದ ಕನ್ನಡಿಯಷ್ಟು ಸ್ವಚ್ಛ, ಬ್ಯಾಂಕೂ ಸಾಲ ಕೊಡಲು ತಯಾರು. ಹೊಸದಾಗಿ ಬಣ್ಣ ಹೊಡೆದಿದ್ದರು. ನಾವು ರೂಮು ನೋಡುತ್ತಿದ್ದಾಗ ಅಮ್ಮ ಹಾಲಿನ ಮಧ್ಯೆ ನಿಂತು ಗೋಡೆ ನೋಡುತ್ತಿದ್ದಳು.

"ಸ್ವಿಚ್ಚೆಲ್ಲ ಯಾಕೆ ಇಷ್ಟು ಮೇಲಿದೆ?"

ಹೌದು. ಟೀವಿಯ ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು, ಎಲ್ಲವೂ ನನ್ನ ಭುಜದ ಎತ್ತರಕ್ಕಿದ್ದವು. ಅವುಗಳ ಕೆಳಗೆ, ಮೊಣಕಾಲ ಮಟ್ಟದಲ್ಲಿ, ಸಿಮೆಂಟು ಮೆತ್ತಿ ಬಣ್ಣ ಹೊಡೆದ ಚೌಕಗಳು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವಂಥವು. 2018ರಲ್ಲೂ 2019ರಲ್ಲೂ ಕಾವೇರಿ ಉಕ್ಕಿ ದಡದ ಬಡಾವಣೆಗಳಿಗೆ ನುಗ್ಗಿದ್ದಳು. ಮನೆಯವರು ಸುಳ್ಳು ಹೇಳಲಿಲ್ಲ, ನಾವು ಕೇಳಿರಲಿಲ್ಲ ಅಷ್ಟೇ. ಕೇಳಿದ ಮೇಲೆ "ಎರಡು ವರ್ಷ ಬಂದಿತ್ತು" ಎಂದು ಒಪ್ಪಿಕೊಂಡರು. ಇತ್ತ ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಇದೇ ಕಾವೇರಿ ನೀರಿಗಾಗಿ ನಾವು ಬಕೆಟ್ ಹಿಡಿದು ಟ್ಯಾಂಕರ್ ಕಾಯುತ್ತಿದ್ದೆವು. ಕೊಡವರ ಕುಲದೇವತೆಯಾದ ಈ ಕಾವೇರಿಗೆ ನಮ್ಮ ಮನೆಯ ಮೇಲೇ ಏನೋ ತಮಾಷೆ ಮಾಡುವ ಮನಸ್ಸು ಎಂದು ಗಂಡ ನಕ್ಕರು. ಅಮ್ಮ ನಗಲಿಲ್ಲ.

ಇಷ್ಟೆಲ್ಲ ನೋಡಿ ಸುಸ್ತಾಗಿಯೇ ಕುಂಬಳಗೋಡಿನ ಫ್ಲ್ಯಾಟಿನ ಕರಡು ತರಿಸಿದ್ದು. ಮೈಸೂರು ರಸ್ತೆ, 2023ರ ಅಕ್ಟೋಬರಿನಿಂದ ಮೆಟ್ರೊ ಚಲ್ಲಘಟ್ಟದವರೆಗೆ ಬಂದಿದೆ, ಊರಿಗೆ ಹೋಗುವ ಬಸ್ಸು ಮನೆಯ ಮುಂದೆಯೇ. ಅಪ್ಪ ಅಮ್ಮನನ್ನೂ ಕರೆದುಕೊಂಡು ಬಂದರಾಯಿತು ಎಂದುಕೊಂಡಿದ್ದೆ. ಫ್ಲ್ಯಾಟಿನ ಪರವಾಗಿ ಒಂದು ದೊಡ್ಡ ವಾದವೂ ನನ್ನ ಹತ್ತಿರವಿತ್ತು. ಎರಡು ವರ್ಷದ ಹಿಂದೆ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂದು, ಮಡಿಕೇರಿಯಲ್ಲಿ ಇಸಿಜಿ ಮಾಡಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಿದ್ದರು. ಸುಮಾರು 120 ಕಿಲೋಮೀಟರ್. ರೈಲಿಲ್ಲ, ವಿಮಾನವಿಲ್ಲ, ಆಂಬುಲೆನ್ಸಿನಲ್ಲಿ ಅಮ್ಮ ಒಬ್ಬಳೇ. "ಪಿರಿಯಾಪಟ್ಟಣ ದಾಟಿತು", "ಹುಣಸೂರು ದಾಟಿತು" ಎಂದು ಅವಳು ಫೋನಿನಲ್ಲಿ ಒಂದೊಂದೇ ಊರು ಹೇಳುತ್ತಿದ್ದರೆ ನಾನು ಬೆಂಗಳೂರಿನಿಂದ ಅದೇ ಮೈಸೂರಿನ ಕಡೆಗೆ ಓಡುತ್ತಿದ್ದೆ. ಏನೂ ಆಗಲಿಲ್ಲ, ಒಂದು ಸ್ಟೆಂಟು ಹಾಕಿದರು. ಆದರೆ ಆ ಊರುಗಳ ಹೆಸರನ್ನು ನಾನು ಈಗಲೂ ಮೊದಲಿನಂತೆ ಕೇಳಲಾರೆ.

ಇದನ್ನೇ ಮುಂದಿಟ್ಟಾಗ ಅಪ್ಪ ಹೇಳಿದ್ದಿಷ್ಟು: "ಅಲ್ಲಿ ಆಸ್ಪತ್ರೆ ಹತ್ತಿರ, ಒಪ್ಪಿದೆ. ಆದ್ರೆ ಆಸ್ಪತ್ರೆಗೆ ಹೋಗದ ದಿನ ನಾನೇನು ಮಾಡ್ಲಿ?"

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪ ಬೆಳಗ್ಗೆ ಆರಕ್ಕೆ ಎದ್ದು ಬಾಡಿಗೆ ಮನೆಯ ಅಂಗಳದಲ್ಲಿಟ್ಟ ಮಳೆಮಾಪಕ ನೋಡುತ್ತಾರೆ. ಎಸ್ಟೇಟಿನಲ್ಲಿ ಕೆಟ್ಟಿತೆಂದು ಬಿಸಾಡಿದ್ದ ಹಳೆಯದನ್ನು ತಾವೇ ರಿಪೇರಿ ಮಾಡಿಕೊಂಡದ್ದು. ತೋಟದವರ ಲೆಕ್ಕದಲ್ಲಿ ಮಳೆಗೂ ಸೆಂಟೇ, ಇಂಚಿನ ನೂರನೇ ಭಾಗ. ಡೈರಿಯಲ್ಲಿ ಬರೆದು, ಪೇಟೆಗೆ ಹೋಗಿ, ಹೋಟೆಲಿನಲ್ಲಿ ಸಿಕ್ಕವರಿಗೆಲ್ಲ "ನಿನ್ನೆ ನಿಮ್ಮಲ್ಲಿ ಎಷ್ಟು?" ಎಂದು ಕೇಳುತ್ತಾರೆ. ಎರಡಿಂಚು ನಲವತ್ತು, ಒಂದೂ ಎಪ್ಪತ್ತೈದು ಎಂದು ಅವರೂ ಹೇಳುತ್ತಾರೆ. ಕುಂಬಳಗೋಡಿನ ಏಳನೇ ಮಹಡಿಯಲ್ಲಿ ಯಾರನ್ನು ಕೇಳುವುದು?

ಕುಶಾಲನಗರದ ಹತ್ತಿರದ ಗುಡ್ಡೆಹೊಸೂರಿನಿಂದ ಸ್ವಲ್ಪ ಒಳಗೆ, ಹೊಳೆಯಿಂದ ದೂರ, ಸಣ್ಣ ಏರಿನ ಮೇಲೆ ಒಂದು ಬಡಾವಣೆ ಇದೆ. ಅನುಮೋದನೆಯಾದದ್ದು, ಒಬ್ಬರೇ ಮಾಲೀಕರು, 9 ಮತ್ತು 11ಎ ಎರಡೂ ಸರಿಯಿವೆ. ಅಲ್ಲಿ ನಾಲ್ಕೂವರೆ ಸೆಂಟಿನ ಸೈಟು 22 ಲಕ್ಷ. ಸೆಂಟಿಗೆ ಹತ್ತಿರ ಹತ್ತಿರ ಐದು ಲಕ್ಷ, ಮೊದಲು ನೋಡಿದ ಬೆಟ್ಟದ ಜಾಗದ ಎರಡರಷ್ಟು. ವ್ಯೂ ಅಂತೇನಿಲ್ಲ, ಎದುರಿಗೆ ಯಾರದೋ ಶುಂಠಿ ಹೊಲ. ಸಾವಿರ ಚದರಡಿಯ ಮನೆಗೆ 24 ಲಕ್ಷವೆಂದರೆ ಒಟ್ಟು 46. ಬ್ಯಾಂಕು 34 ಲಕ್ಷ ಕೊಡಲು ಒಪ್ಪಿತು.

ಗಂಡ ಎಕ್ಸೆಲ್ ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರು. ಬಡ್ಡಿ ಶೇ 8, ಇಪ್ಪತ್ತು ವರ್ಷ. ಫ್ಲ್ಯಾಟಿನ ಕಂತು 46,840, ಮೇಂಟೆನೆನ್ಸ್ 4,000. ಊರಿನ ಮನೆಯ ಕಂತು 28,440, ಬೆಂಗಳೂರಿನ ಬಾಡಿಗೆ 23,000, ಅದಂತೂ ತಪ್ಪದು. ಕೂಡಿಸಿದರೆ ಒಂದು 50,840, ಇನ್ನೊಂದು 51,440. ಆರುನೂರು ರೂಪಾಯಿ ವ್ಯತ್ಯಾಸ, ಅದೂ ಊರಿನದೇ ಜಾಸ್ತಿ. ಸುಂಟಿಕೊಪ್ಪದ ಬಾಡಿಗೆ 6,500 ಉಳಿಯುತ್ತದೆ ಎಂದು ನಾನು ಕೆಳಗೊಂದು ಸಾಲು ಸೇರಿಸಿದೆ. ಬೆಂಗಳೂರಿನ ಬಾಡಿಗೆ ವರ್ಷ ವರ್ಷ ಏರುತ್ತದೆ ಎಂದು ಅವರು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು. ಮಾರುವ ದಿನ ಬಂದರೆ ಫ್ಲ್ಯಾಟಿಗೆ ಗಿರಾಕಿ ಬೇಗ ಸಿಗುತ್ತಾರೆ ಎಂದೂ ಹೇಳಿದರು. ಎರಡೂ ಸರಿಯೇ. ಉಳಿತಾಯವಾಗುತ್ತದೆಂದು ಊರಿಗೆ ಹೊರಟಿದ್ದರೆ ನಾವು ಅವತ್ತೇ ನಿಂತುಬಿಡಬೇಕಿತ್ತು. ಮಧ್ಯೆ ಮೈಸೂರಿನ ಮಾತೂ ಬಂತು, ಎರಡು ಭಾನುವಾರ ಹೋಗಿ ಬಂದೆವು. ಅಪ್ಪನಿಗೂ ಊರಲ್ಲ, ನಮ್ಮ ಆಫೀಸಿಗೂ ಹತ್ತಿರವಲ್ಲ.

ಕೊನೆಗೆ ಗಂಡನೇ ಹಾಳೆ ಮುಚ್ಚಿ, "ಮಳೆಯಲ್ಲಿ ಒಂದ್ಸಲ ನೋಡಿ ಅಡ್ವಾನ್ಸ್ ಕೊಡೋಣ" ಎಂದರು.

ಹೋದ ಭಾನುವಾರ ಹೋಗಿದ್ದೆವು. ಜಿಟಿಜಿಟಿ ಮಳೆ, ನಡುವೆ ಅರ್ಧ ಗಂಟೆ ಜೋರಾಗಿ ಹೊಡೆಯಿತು. ನಾವು ಮೂವರು ಕಾರಿನೊಳಗೆ. ಅಪ್ಪ ಮಾತ್ರ ಪ್ಯಾಂಟು ಮಡಿಸಿ ಕೊಡೆ ಹಿಡಿದು ಮೂಲೆಯ ಕಲ್ಲಿನ ಹತ್ತಿರ ನಿಂತಿದ್ದರು. ರಸ್ತೆಯ ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾ ನಾಲ್ಕೂ ಮೂಲೆ ಸುತ್ತಿದರು. ಅಮ್ಮ ಗಾಜು ಇಳಿಸಿ, "ಆ ಮೂಲೇಲಿ ನೀರು ನಿಂತ್ರೆ ಗೆಡ್ಡೆ ಕೊಳೆಯುತ್ತೆ, ಈ ಕಡೆ ನೋಡಿ" ಎಂದು ಕೂಗಿದಳು. ಮಳೆ ನಿಂತ ಮೇಲೂ ಅಪ್ಪ ಬರಲಿಲ್ಲ. ವಾಚು ನೋಡುತ್ತಾ ನಿಂತೇ ಇದ್ದರು. ಬ್ರೋಕರ್ ಎರಡು ಸಲ ಹಾರ್ನ್ ಹೊಡೆದ.

ರಾತ್ರಿ ಸುಂಟಿಕೊಪ್ಪದ ಮನೆಯಲ್ಲಿ ಅವರು ಮಲಗಿದ ಮೇಲೆ ಡೈರಿ ತೆಗೆದು ನೋಡಿದೆ. ಎಂದಿನ ಹಾಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದಿದ್ದರು. ಗೆರೆಯ ಕೆಳಗೆ:

"ಮಳೆ 1 ಇಂಚು 35 ಸೆಂಟ್. ಜಾಗ ನಾಲ್ಕೂವರೆ ಸೆಂಟ್. ನೀರು ಇಂಗಲು 22 ನಿಮಿಷ."